ತಿರುಗಾಡಿದ್ದು ತಪ್ಪಲ್ಲ, ಸಾಲ ಮಾಡಿಸಿದ್ದು ತಪ್ಪು

"ಅಮೆರಿಕಾಗೆ ಹೋಗಿ ಏನ್ ತಂದ? ನಾಕು ಫೋಟೋ, ಒಂದು ಟೋಪಿ. ದುಡಿದಿದ್ದೆಲ್ಲ ತಿಂದು ತಿರುಗಿ ಮುಗಿಸ್ಕೊಂಡು ಬಂದವ್ನೆ."

ಬೇಸಿಗೆ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಬರುವ ಕಾಲೇಜು ಮಕ್ಕಳ ಬಗ್ಗೆ ಡೈರಿ ಮುಂದೆ, ಟೀ ಅಂಗಡಿ ಬೆಂಚಿನ ಮೇಲೆ ಇಂಥ ಮಾತು ಕಿವಿಗೆ ಬೀಳುತ್ತದೆ. ಹೋಗುವವರು ಇನ್ನೂ ಕಡಿಮೆ. ಆದರೆ ಒಬ್ಬ ಹೋಗಿ ಬಂದರೆ ಹತ್ತು ಹಳ್ಳಿಗೆ ಸುದ್ದಿ. ಬಂದವನನ್ನು ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಉಳಿಸಿದೆ?

ಈ ಪ್ರಶ್ನೆಯೇ ತಪ್ಪು ಅಂತ ನನ್ನ ವಾದ. ಆ ಹುಡುಗ ನ್ಯೂಯಾರ್ಕ್ ನೋಡಿದ್ದು, ಷಿಕಾಗೊದಲ್ಲಿ ಪಿಜ್ಜಾ ತಿಂದದ್ದು ದುಂದು ಅಲ್ಲ. ಅವನಿಗೆ ಕೊಟ್ಟ ವೀಸಾ ಇರುವುದೇ ಅದಕ್ಕೆ. ತಪ್ಪು ಮಾಡಿದವರು ಬೇರೆ ಇದ್ದಾರೆ. "ಹೋಗಿ ಬಂದರೆ ಸಾಲ ತೀರಿ ಮೇಲೆ ಮನೆ ಕಟ್ಟಬಹುದು" ಅಂತ ಹೇಳಿ ಅಪ್ಪನ ಕೈಲಿ ಪಹಣಿ ತರಿಸಿದವರು ಅವರು. ಬೈಯುವುದಾದರೆ ಅವರನ್ನು ಬೈಯೋಣ.

ವೀಸಾದ ಹೆಸರಲ್ಲೇ ಇದೆ

ಇದರ ಹೆಸರು ಸಮ್ಮರ್ ವರ್ಕ್ ಟ್ರಾವೆಲ್. ಬೇಸಿಗೆ, ಕೆಲಸ, ತಿರುಗಾಟ. ಮೂರನೇ ಪದವನ್ನು ಏಜೆಂಟರು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸುತ್ತಾರೆ, ಅಪ್ಪಂದಿರಿಗೆ ಹೇಳುವಾಗ ನುಂಗಿಬಿಡುತ್ತಾರೆ.

ಜೆ-1 ಅನ್ನುವ ವೀಸಾ ಗುಂಪಿನಲ್ಲಿ ಇದೊಂದು ಬಗೆ. ಆ ಇಡೀ ಗುಂಪಿಗೆ ಆಧಾರ 1961ರ ಅಮೆರಿಕದ ಒಂದು ಕಾಯ್ದೆ. ಬೇರೆ ದೇಶದ ಜನ ಬಂದು ತಮ್ಮ ದೇಶ ನೋಡಲಿ, ತಮ್ಮವರೂ ಹೊರಗೆ ಹೋಗಲಿ, ಪರಸ್ಪರ ತಿಳಿವಳಿಕೆ ಬೆಳೆಯಲಿ ಅನ್ನುವುದು ಅದರ ಉದ್ದೇಶ. ಇದನ್ನು ನಡೆಸುವುದು ಅಲ್ಲಿನ ಕಾರ್ಮಿಕ ಇಲಾಖೆ ಅಲ್ಲ, ವಿದೇಶಾಂಗ ಇಲಾಖೆ. ಇದನ್ನು ಮನೆಯವರು ಮೊದಲು ತಿಳಿದಿರಬೇಕು.

ನಿಯಮ ಸರಳ. ಕಾಲೇಜಿನಲ್ಲಿ ಪೂರ್ಣಾವಧಿ ಓದುತ್ತಿರಬೇಕು, ಕನಿಷ್ಠ ಒಂದು ಸೆಮಿಸ್ಟರ್ ಮುಗಿಸಿರಬೇಕು. ಕಾಲೇಜಿನ ವಾರ್ಷಿಕ ದೊಡ್ಡ ರಜೆಯಲ್ಲಿ ಮಾತ್ರ ಹೋಗಬಹುದು. ಹೆಚ್ಚೆಂದರೆ 4 ತಿಂಗಳು ಕೆಲಸ. ಅದು ಮುಗಿದ ಮೇಲೆ ಸುತ್ತಾಡಿ ಊರಿಗೆ ಮರಳಲು 30 ದಿನ. ಆ 30 ದಿನದಲ್ಲಿ ಕೆಲಸ ಮಾಡುವಂತಿಲ್ಲ. ಅಂದರೆ ತಿರುಗಾಟ ಹುಡುಗನ ಶೋಕಿ ಅಲ್ಲ, ಸರ್ಕಾರವೇ ಕೊಟ್ಟ ದಿನಗಳು. ಆ ದಿನಗಳಲ್ಲಿ ಒಂದು ಡಾಲರ್ ದುಡಿದರೂ ಅದೇ ಅಪರಾಧ.

ಯಲಹಂಕದಲ್ಲಿ ಮಾರುವ ಕನಸು

ಗೌರಿಬಿದನೂರು, ದೊಡ್ಡಬಳ್ಳಾಪುರದಿಂದ ಬೆಳಗ್ಗೆ ರೈಲು ಹತ್ತಿ ಯಲಹಂಕ, ಯಶವಂತಪುರದಲ್ಲಿ ಇಳಿಯುವ ಮಕ್ಕಳನ್ನು ನೋಡಿ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಹೆಬ್ಬಾಳಕ್ಕೆ ಬರುವವರನ್ನು ನೋಡಿ. ಅಪ್ಪನದು ರೇಷ್ಮೆಯೋ ದ್ರಾಕ್ಷಿಯೋ ಮಗ್ಗವೋ. ಅಮ್ಮನ ಹೆಸರಲ್ಲಿ ಡೈರಿ ಪಾಸ್‌ಬುಕ್. ಮನೆಯಲ್ಲಿ ಮೊದಲ ಸಲ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದವರು. ಕಾಲೇಜಿನಿಂದ ಹೊರಗೆ ಬಂದರೆ ಯಲಹಂಕ ನ್ಯೂಟೌನ್‌ನಿಂದ ಆರ್.ಟಿ. ನಗರದವರೆಗೆ ವಿದೇಶದ ಬೋರ್ಡುಗಳು. ತಲೆಯ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ಸೀಮೆಯ ಮಕ್ಕಳು ವಿಮಾನದ ಹೊಟ್ಟೆ ನೋಡಿಕೊಂಡೇ ಬೆಳೆದಿದ್ದಾರೆ. ಒಳಗೆ ಕೂರುವ ಆಸೆ ಹುಟ್ಟಿದರೆ ಅದರಲ್ಲಿ ತಪ್ಪೇನಿದೆ?

ಆಸೆ ಸರಿ. ಅದನ್ನು ಮಾರುವವರು ಹೇಳುವ ಮಾತು ಸರಿಯಿಲ್ಲ. ವರದಿಗೆಂದು ಅಲೆಯುವಾಗ ಇಂಥ ಮಾತುಗಳನ್ನು ಎಷ್ಟೋ ಸಲ ಕೇಳಿದ್ದೇನೆ. ಮುಖ್ಯವಾಗಿ ಮೂರು.

ಒಂದು: "ನಾಲ್ಕು ತಿಂಗಳು ಪೂರ್ತಿ ದುಡೀಬಹುದು." ವಿಟಿಯು ಕ್ಯಾಲೆಂಡರ್ ತೆಗೆದು ನೋಡಿ, ಒಟ್ಟಿಗೆ ನಾಲ್ಕು ತಿಂಗಳ ರಜೆ ಎಲ್ಲಿದೆ? ಪರೀಕ್ಷೆ ಮುಂದಕ್ಕೆ ಹೋದರೆ ಇರುವ ರಜೆಯೂ ಕರಗುತ್ತದೆ. ರಜೆ ಎಷ್ಟೋ ದುಡಿಮೆ ಅಷ್ಟೇ.

ಎರಡು: "ಈಗ ಬೆಂಗಳೂರಲ್ಲೇ ಅಮೆರಿಕ ಆಫೀಸ್ ಆಗಿದೆ, ವೀಸಾ ಗ್ಯಾರಂಟಿ." 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದದ್ದು ನಿಜ. ಆದರೆ ಟೇಪು ಕತ್ತರಿಸಿದ ದಿನವೇ ಅಲ್ಲಿ ವೀಸಾ ಕೌಂಟರ್ ತೆರೆಯಲಿಲ್ಲ. ನಮ್ಮವರು ಸಂದರ್ಶನಕ್ಕೆ ಚೆನ್ನೈ, ಹೈದರಾಬಾದ್‌ಗೆ ಓಡಾಡುತ್ತಾ ಬಂದವರು. ಅದೇ ವರ್ಷ ಮೇ ಕೊನೆಯಲ್ಲಿ ವಿದ್ಯಾರ್ಥಿ ಮತ್ತು ಜೆ ವೀಸಾಗಳ ಹೊಸ ಸಂದರ್ಶನ ನೀಡುವುದನ್ನೇ ಅಮೆರಿಕ ನಿಲ್ಲಿಸಿತು. ಜೂನ್‌ನಲ್ಲಿ ಮತ್ತೆ ಶುರು ಮಾಡಿದಾಗ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನೂ ನೋಡುತ್ತೇವೆ ಎಂದಿತು. ಗ್ಯಾರಂಟಿ ಕೊಡಲು ಆರ್.ಟಿ. ನಗರದ ಏಜೆಂಟ್ ಯಾರು?

ಮೂರನೆಯದು ಎಲ್ಲಕ್ಕಿಂತ ದೊಡ್ಡದು: "ದುಡಿದು ಲಕ್ಷಗಟ್ಟಲೆ ತರ್ತಾನೆ." ಇದನ್ನು ಲೆಕ್ಕ ಹಾಕಿಯೇ ನೋಡೋಣ.

ಲೆಕ್ಕ

ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಅದು ಏರಿಲ್ಲ. ಹಲವು ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ. ಹಾಗಾಗಿ ನಾವು ಉದಾರವಾಗಿ 12 ಡಾಲರ್ ಅಂತಲೇ ಹಿಡಿಯೋಣ. ವಾರಕ್ಕೆ 35 ಗಂಟೆ, 12 ವಾರ. ಒಟ್ಟು 5,040 ಡಾಲರ್.

ಹಾಸಿಗೆ ಬಾಡಿಗೆ ವಾರಕ್ಕೆ 125 ಡಾಲರ್ ಅಂದರೆ 1,500 ಹೋಯಿತು. ಊಟಕ್ಕೆ ವಾರಕ್ಕೆ 70 ಅಂದರೆ 840. ತೆರಿಗೆ ನೂರಕ್ಕೆ ಹತ್ತು ಅಂತ ಹಿಡಿದರೆ 504. ಕೈಯಲ್ಲಿ ಉಳಿದದ್ದು 2,196 ಡಾಲರ್. ಡಾಲರ್‌ಗೆ 85 ರೂಪಾಯಿ ಅಂದರೆ 1,86,660 ರೂಪಾಯಿ.

ಕೇಳಲು ಚೆನ್ನಾಗಿದೆ. ಈಗ ಹೋಗಿ ಬರುವ ವಿಮಾನಕ್ಕೆ 1,25,000 ಕಳೆಯಿರಿ. ವೀಸಾ ಅರ್ಜಿಗೆ 185 ಡಾಲರ್, ಸೆವಿಸ್ ಅನ್ನುವ ನೋಂದಣಿಗೆ 35 ಡಾಲರ್, ಎರಡೂ ಸೇರಿ 18,700 ರೂಪಾಯಿ. ಉಳಿದದ್ದು 42,960.

ವಿಮಾನ, ಬಾಡಿಗೆ, ಡಾಲರ್ ದರ ವರ್ಷ ವರ್ಷಕ್ಕೆ ಬದಲಾಗುತ್ತವೆ. ನಿಮ್ಮ ಮಕ್ಕಳ ಕೈಗೆ ಬಂದ ಕಾಗದದ ಅಂಕಿಗಳನ್ನೇ ಹಾಕಿ ಕೂಡಿ ಕಳೆಯಿರಿ. ಏಜೆಂಟರ ಫೀಸು, ಸ್ಪಾನ್ಸರ್ ಸಂಸ್ಥೆಯ ಫೀಸು, ಚೆನ್ನೈಗೆ ಹೋಗಿ ಬಂದ ಖರ್ಚು ನಾನು ಇನ್ನೂ ಸೇರಿಸಿಲ್ಲ. 2025ರ ಜುಲೈನಲ್ಲಿ ಅಮೆರಿಕ ಕಾಯ್ದೆ ಮಾಡಿಟ್ಟಿರುವ 250 ಡಾಲರ್‌ನ ಹೊಸ ವೀಸಾ ಶುಲ್ಕವನ್ನೂ ಸೇರಿಸಿಲ್ಲ.

ಈಗ ಸಾಲದ ಮನೆ ನೋಡಿ. ಮೂರು ಲಕ್ಷ ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 6,000. ಟಿಕೆಟ್ ಮಾಡುವ ಮುಂಚೆ ತಂದ ಸಾಲ ಹುಡುಗ ಬರುವಷ್ಟರಲ್ಲಿ ಆರು ತಿಂಗಳದ್ದಾಗಿರುತ್ತದೆ. ಬಡ್ಡಿಯೇ 36,000. ಉಳಿತಾಯ 6,960 ರೂಪಾಯಿ. ಒಂದು ಬೇಸಿಗೆ ಪೂರ್ತಿ ಪಾತ್ರೆ ತೊಳೆದು, ಹಾಸಿಗೆ ಬಟ್ಟೆ ಬದಲಿಸಿ, ಈಜುಕೊಳ ಕಾದು ಉಳಿಸಿದ್ದು ಇಷ್ಟು. ಏಜೆಂಟರ ಫೀಸು ಸೇರಿಸಿದರೆ ಅದೂ ಇಲ್ಲ, ಮೈನಸ್.

ಇನ್ನು ಸಾಲವಿಲ್ಲದೆ ಹೋದವನು ಅದೇ 42,960ರಲ್ಲಿ ದಿನಕ್ಕೆ 50 ಡಾಲರ್‌ನಂತೆ ಹತ್ತು ದಿನ ಕೈಬಿಗಿ ಹಿಡಿದು ಸುತ್ತಿದರೆ 42,500 ಖರ್ಚು. ದುಡಿದದ್ದು ನೋಡಿದ್ದಕ್ಕೆ ಸರಿಹೋಯಿತು. ಈ ವೀಸಾ ಇರುವುದೇ ಹಾಗೆ. ಕೆಲಸ ಅನ್ನುವುದು ದಾರಿಖರ್ಚು. ದಾರಿಖರ್ಚನ್ನೇ ಸಂಪಾದನೆ ಅಂತ ಮಾರಿದರೆ ಅದಕ್ಕೆ ಮೋಸ ಅನ್ನದೆ ಇನ್ನೇನು ಅನ್ನಬೇಕು?

ಚಾಕೊಲೇಟ್ ಗೋದಾಮಿನ ಪಾಠ

ಮೋಸ ಹೋದವರು ನಾವೇ ಮೊದಲಲ್ಲ. 2011ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಪಾಮೈರಾ ಎಂಬಲ್ಲಿ, ಹರ್ಷೀಸ್ ಚಾಕೊಲೇಟ್ ಪ್ಯಾಕ್ ಮಾಡುವ ಗೋದಾಮಿನಿಂದ ನೂರಾರು ವಿದೇಶಿ ವಿದ್ಯಾರ್ಥಿಗಳು ಕೆಲಸ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದರು. ಚೀನಾ, ಟರ್ಕಿ, ಉಕ್ರೇನ್ ಮೊದಲಾದ ದೇಶದ ಮಕ್ಕಳು. ಸಾವಿರಾರು ಡಾಲರ್ ಕಟ್ಟಿ ಇದೇ ವೀಸಾದಲ್ಲಿ ಬಂದಿದ್ದರು. ಅಮೆರಿಕ ನೋಡುತ್ತೇವೆ, ಇಂಗ್ಲಿಷ್ ಕಲಿಯುತ್ತೇವೆ ಅಂದುಕೊಂಡವರಿಗೆ ಸಿಕ್ಕಿದ್ದು ಭಾರದ ಡಬ್ಬ ಎತ್ತುವ ಕೆಲಸ, ರಾತ್ರಿ ಪಾಳಿ. ಸಂಬಳದಲ್ಲೇ ಬಾಡಿಗೆ ಮುರಿದುಕೊಂಡ ಮೇಲೆ ತಿರುಗಾಡಲು ಕೈಯಲ್ಲಿ ಕಾಸಿಲ್ಲ.

ಅವರ ಕೂಗು ವಾಷಿಂಗ್ಟನ್‌ಗೆ ಮುಟ್ಟಿತು. ಅವರನ್ನು ಕರೆತಂದ ಸ್ಪಾನ್ಸರ್ ಸಂಸ್ಥೆಯನ್ನು ಕಾರ್ಯಕ್ರಮದಿಂದ ಹೊರಗೆ ಹಾಕಲಾಯಿತು. 2012ರಲ್ಲಿ ನಿಯಮ ಬಿಗಿಯಾಯಿತು. ಕಾರ್ಖಾನೆ, ಗಣಿ, ಕಟ್ಟಡ, ಕೃಷಿ ಕೆಲಸಕ್ಕೆ ಈ ಮಕ್ಕಳನ್ನು ಹಚ್ಚುವಂತಿಲ್ಲ. ಮುಖ್ಯವಾಗಿ ರಾತ್ರಿ 10ರಿಂದ ಬೆಳಗ್ಗೆ 6ರ ನಡುವೆಯೇ ನಡೆಯುವ ಕೆಲಸ ಕೊಡುವಂತಿಲ್ಲ. ಅಲ್ಲಿನ ಜನಜೀವನ ನೋಡುವ ಅವಕಾಶವನ್ನು ಸ್ಪಾನ್ಸರ್ ಕಲ್ಪಿಸಲೇಬೇಕು. ಆದ್ದರಿಂದ "ಈ ವೀಸಾದಲ್ಲಿ ತೋಟದ ಕೆಲಸ ಕೊಡಿಸ್ತೀನಿ, ನೀವು ರೈತರ ಮಕ್ಕಳಲ್ವಾ" ಅಂತ ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ.

ಆ ಮಕ್ಕಳು ಬೀದಿಗೆ ಇಳಿದದ್ದು ಕೂಲಿಗೆ ಮಾತ್ರ ಅಲ್ಲ, ತಿರುಗಾಟದ ಹಕ್ಕಿಗೂ. ನಮ್ಮೂರಿನ ನಾವು ಅದೇ ಹಕ್ಕನ್ನು ನಮ್ಮ ಮಕ್ಕಳಿಗೆ ಬಿಟ್ಟಿ ಶೋಕಿ ಅನ್ನುತ್ತಿದ್ದೇವೆ.

ಸಾಲ ಇದ್ದವನಿಗೆ ಆ 30 ದಿನ ಏನಾಗುತ್ತದೆ ಯೋಚಿಸಿ. ಅಪ್ಪ ಫೋನ್ ಮಾಡಿ "ಬಡ್ಡಿಯವನು ಬಂದಿದ್ದ" ಅನ್ನುತ್ತಾರೆ. ಹುಡುಗ ಸುತ್ತಾಡುವ ಬದಲು ಯಾವುದೋ ಪೆಟ್ರೋಲ್ ಬಂಕಿನಲ್ಲೋ ಹೋಟೆಲ್ ಅಡುಗೆಮನೆಯಲ್ಲೋ ರಸೀದಿಯಿಲ್ಲದ ಕೆಲಸಕ್ಕೆ ನಿಲ್ಲುತ್ತಾನೆ. ಸಿಕ್ಕಿಬಿದ್ದರೆ ಮುಂದೆ ಎಂ.ಎಸ್. ಓದಲು ವೀಸಾ ಕೇಳಿದಾಗಲೂ ಅದು ಅಡ್ಡ ಬರುತ್ತದೆ. ಸುಮಾರು ಏಳು ಸಾವಿರದ ಆಸೆಗೆ ಇಡೀ ದಾರಿ ಮುಚ್ಚಿಕೊಂಡ ಹಾಗೆ.

ನೋಡಿ ತಿಂದು ಬಂದರೆ ಏನು ಸಿಗುತ್ತದೆ?

ಈಗ ಟೀ ಅಂಗಡಿಯ ಪ್ರಶ್ನೆಗೆ ಉತ್ತರ. ಅಷ್ಟು ದೂರ ಹೋಗಿ ತಿಂದು ತಿರುಗಿ ಬಂದರೆ ಊರಿಗೇನು ಲಾಭ?

ಮೊದಲಿಗೆ, ನೋಡಬೇಕಾದ ಬಹಳಷ್ಟು ಅಲ್ಲಿ ಬಿಟ್ಟಿ. ವಾಷಿಂಗ್ಟನ್‌ನಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳಿಗೆ ಟಿಕೆಟ್ ಇಲ್ಲ. ಷಿಕಾಗೊದ ಲಿಂಕನ್ ಪಾರ್ಕ್ ಮೃಗಾಲಯಕ್ಕೆ ಟಿಕೆಟ್ ಇಲ್ಲ. ನ್ಯೂಯಾರ್ಕ್‌ನಲ್ಲಿ ಸ್ಟ್ಯಾಟನ್ ಐಲೆಂಡ್‌ಗೆ ಹೋಗುವ ದೋಣಿಗೆ ಕಾಸಿಲ್ಲ, ಅದರ ಮೇಲೆ ನಿಂತರೆ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಣ್ಣೆದುರೇ ಹಾದುಹೋಗುತ್ತದೆ. ಊರಿಂದ ಊರಿಗೆ ಗ್ರೇಹೌಂಡ್ ರಾತ್ರಿ ಬಸ್ ಹಿಡಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯಿತು. ಕೆ.ಎಸ್.ಆರ್.ಟಿ.ಸಿ. ಕೆಂಪು ಬಸ್ಸಿನಲ್ಲಿ ಕೂತೇ ನಿದ್ದೆ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಎರಡನೆಯದು ಊಟ. ತಿನ್ನುವುದನ್ನು ನಾವು ಹಗುರವಾಗಿ ಕಾಣುತ್ತೇವೆ. ರೈತನ ಮಗ ಮೆಕ್ಸಿಕನ್ನರ ಅಂಗಡಿಗೆ ಹೋಗಿ ಟಾರ್ಟಿಯಾ ತಿಂದರೆ ಅವನಿಗೆ ಏನು ಕಾಣಬೇಕು? ಅದು ನಮ್ಮ ಮುಸುಕಿನ ಜೋಳದ ರೊಟ್ಟಿ. ಗೌರಿಬಿದನೂರು ಕಡೆ ಹೊಲಹೊಲದಲ್ಲಿ ಬೆಳೆದು ನಾವು ಕೋಳಿ ಫಾರಂಗೆ, ದನದ ಮೇವಿಗೆ ಕಳಿಸುವ ಜೋಳವೇ ಅಲ್ಲಿ ಜನರ ನಿತ್ಯದ ಅನ್ನ. ನಮ್ಮ ಸಾರಿನ ಟೊಮೆಟೊ, ಮೆಣಸಿನಕಾಯಿ, ಸಂಕ್ರಾಂತಿ ಎಳ್ಳುಬೆಲ್ಲದ ಕಡಲೆಕಾಯಿ ಎಲ್ಲದರ ಹುಟ್ಟೂರು ಅಮೆರಿಕ ಖಂಡವೇ. ಇದನ್ನು ಪುಸ್ತಕದಲ್ಲಿ ಓದಿ ಮರೆಯಬಹುದು. ನಾಲಿಗೆ ಮೇಲೆ ಬಿದ್ದದ್ದು ಮರೆಯುವುದಿಲ್ಲ.

ಅದೇ ಹುಡುಗ ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್ ಸಂತೆಗೆ ಹೋಗಲಿ. ಆ ನಗರದಲ್ಲಿ ಗ್ರೀನ್ ಮಾರ್ಕೆಟ್ ಎಂಬ ಈ ಸಂತೆಗಳು 1976ರಲ್ಲಿ ಶುರುವಾದವು. ಬೆಳೆದವನೇ ತಂದು ಮಾರಬೇಕು, ಕೊಂಡು ತಂದು ಮಾರುವಂತಿಲ್ಲ. ಬೆಲೆ ಬರೆದ ಹಲಗೆ ಬೆಳೆದವನ ಕೈಯಲ್ಲಿ. ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಇಳಿಸಿ, ದಲ್ಲಾಳಿ ಬರೆದುಕೊಡುವ ಚೀಟಿಗೆ ಕಾದು ನಿಂತ ಅಪ್ಪನ ಮುಖ ಅವನಿಗೆ ಅಲ್ಲಿ ನೆನಪಾಗದೆ ಇರುತ್ತದೆಯೇ? ನಮ್ಮಲ್ಲಿ ಯಾಕೆ ಹೀಗಿಲ್ಲ ಅನ್ನುವ ಪ್ರಶ್ನೆ ಹುಟ್ಟಿದರೆ ಅದೇ ಅವನು ತಂದ ಲಗೇಜು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಯಾರ ಪಕ್ಕ ಕೂತು ತಿಂದ ಅನ್ನುವುದು. ವಾಷಿಂಗ್ಟನ್‌ನ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಒಂದು ಹೋಟೆಲ್ ಕೌಂಟರಿನ ತುಂಡು ಮತ್ತು ನಾಲ್ಕು ಕುರ್ಚಿ ಇಟ್ಟಿದ್ದಾರೆ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನ ವೂಲ್‌ವರ್ತ್ ಅಂಗಡಿಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಜುಲೈ ಹೊತ್ತಿಗೆ ಆ ಕೌಂಟರು ಎಲ್ಲರಿಗೂ ತೆರೆಯಿತು. ಆ ಕುರ್ಚಿ ನೋಡಿ ಬಂದ ಹುಡುಗಿ ತನ್ನೂರಿನ ಹೋಟೆಲಿನಲ್ಲಿ ಯಾರಿಗೆ ಒಳಗೆ ಸ್ಟೀಲ್ ಲೋಟ, ಯಾರಿಗೆ ಹೊರಗೆ ಪೇಪರ್ ಲೋಟ ಅಂತ ಸುಮ್ಮನೆ ನೋಡಿಕೊಂಡು ಇರಲಾರಳು.

ಬಾಬಾಸಾಹೇಬ್ ಅಂಬೇಡ್ಕರ್ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕ್‌ನ ಕೊಲಂಬಿಯಾಕ್ಕೆ ಹೋದರು. ಅಮೆರಿಕ ಮತ್ತು ಯುರೋಪಿನಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಎಂಬ ಭಾವನೆಯನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವು ಎಂದು ಅವರೇ ಬರೆದುಕೊಂಡಿದ್ದಾರೆ. ಬರೋಡಾಕ್ಕೆ ಮರಳಿದರೆ ಇಳಿದುಕೊಳ್ಳಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ತಂಗುಮನೆಯಲ್ಲಿ ಉಳಿದರೆ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಹೊರಗೆ ಹೋಗಿ ಬಂದವನಿಗೆ ಒಳಗಿನ ಅನ್ಯಾಯ ಎದ್ದು ಕಾಣುತ್ತದೆ. ಅವರು ಓದಿದ ಕೊಲಂಬಿಯಾದಲ್ಲಿ ಇಂದು ಅವರ ಪುತ್ಥಳಿ ಇದೆ. ನಮ್ಮ ಕೇರಿಯ ಹುಡುಗನೊಬ್ಬ ಆ ಬೀದಿಯಲ್ಲಿ ಅರ್ಧ ದಿನ ಓಡಾಡಿ ಬಂದರೆ ಅದರ ಬೆಲೆಯನ್ನು ಯಾವ ಬಡ್ಡಿಯವನು ಕಟ್ಟುತ್ತಾನೆ?

ನಮ್ಮ ಸೀಮೆಯವರದೇ ಮಾತು ಬೇಕೆ? ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದರು, ಆಮೇಲೆ ಅಮೆರಿಕ, ಯುರೋಪು ಸುತ್ತಿದರು. ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಮಾಡಿ ಬಂದು ಗೌರಿಬಿದನೂರಿನಂಥ ಕಡೆಗೂ ಕಾಲೇಜು ತಂದರು. ಹಾಸನ ಸೀಮೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕ ಸುತ್ತಿ ಬರೆದ ಪ್ರವಾಸ ಕಥನಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವರನ್ನೆಲ್ಲ "ಎಷ್ಟು ಉಳಿಸಿದಿರಿ?" ಅಂತ ನಾವು ಕೇಳಲಿಲ್ಲ. ಏನು ಕಂಡಿರಿ ಅಂತ ಕೇಳಿದೆವು.

"ಅವರೆಲ್ಲ ದೊಡ್ಡವರು"

ಇದೇ ನನಗೆ ಸಿಟ್ಟು ಬರಿಸುವ ಮಾತು. ಸದಾಶಿವನಗರದ ಹುಡುಗ ಡಿಗ್ರಿ ಮುಗಿಸಿ ಅಪ್ಪನ ಕಾರ್ಡಿನಲ್ಲಿ ಅಮೆರಿಕ ಸುತ್ತಿದರೆ ಅದು ಅನುಭವ. ಸಾದಹಳ್ಳಿ ಗೇಟಿನಾಚೆಯ ಹುಡುಗ ತಾನೇ ಪಾತ್ರೆ ತೊಳೆದ ಕಾಸಿನಲ್ಲಿ ಹತ್ತು ದಿನ ಸುತ್ತಿದರೆ ಅದು ದುಂದು. ನಮ್ಮ ಮಕ್ಕಳು ಪರದೇಶಕ್ಕೆ ಹೋದರೂ ಕೂಲಿಗೇ ಹೋಗಬೇಕು, ತಲೆ ಎತ್ತಿ ಒಂದು ಕಟ್ಟಡ ನೋಡಬಾರದು. ಈ ಕಟ್ಟಳೆಯನ್ನು ಯಾರೂ ನಮ್ಮ ಮೇಲೆ ಹೇರಿಲ್ಲ. ನಾವೇ ನಮ್ಮ ಮಕ್ಕಳಿಗೆ ಹಾಕಿಕೊಂಡಿದ್ದೇವೆ.

"ಅಪ್ಪ ಬಿಸಿಲಲ್ಲಿ ಬೇಯುವಾಗ ಮಗ ಅಲ್ಲಿ ಬರ್ಗರ್ ತಿನ್ನೋದು ಸರೀನಾ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ. ಅಪ್ಪನ ಸಾಲದಲ್ಲಿ ತಿಂದರೆ ಸರಿಯಲ್ಲ. ಅದಕ್ಕೇ ಹೇಳುತ್ತಿರುವುದು, ಸಾಲ ಮಾಡಿ ಹೋಗಲೇಬೇಡಿ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಈ ವರ್ಷ ಬೇಡ, ಇನ್ನೊಂದು ದಾರಿ ನೋಡೋಣ. ಆದರೆ ಹೋದ ಮೇಲೆ, ತಾನು ದುಡಿದ ಕಾಸಿನಲ್ಲಿ ಅವನು ನೋಡಿಯೇ ಬರಲಿ.

ಹಾಗಾದರೆ ಏನು ಮಾಡಬೇಕು

ಅಪ್ಪ ಅಮ್ಮಂದಿರೇ, ಏಜೆಂಟರ ಮುಂದೆ ಕೂತಾಗ ನಾಲ್ಕು ಕೇಳಿ. ಅಮೆರಿಕದ ವಿದೇಶಾಂಗ ಇಲಾಖೆ ಒಪ್ಪಿದ ಸ್ಪಾನ್ಸರ್ ಯಾರು? ಇಲಾಖೆಯ ಜೆ-1 ವೀಸಾ ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ಮಕ್ಕಳ ಕೈಲಿ ಅಲ್ಲೇ ತೆಗೆಸಿ ನೋಡಿ. ಕೆಲಸ ಯಾವ ಊರಲ್ಲಿ, ಗಂಟೆಗೆ ಎಷ್ಟು, ವಾರಕ್ಕೆ ಎಷ್ಟು ಗಂಟೆ, ಬಾಡಿಗೆ ಎಷ್ಟು? ಭಾರತದಿಂದ ಹೋಗುವವರಿಗೆ ಹೊರಡುವ ಮುಂಚೆಯೇ ಕೆಲಸ ಖಚಿತವಾಗಿರಬೇಕು, "ಅಲ್ಲಿ ಹೋದ ಮೇಲೆ ಹುಡುಕಿಕೊಳ್ಳಬಹುದು" ಅನ್ನುವ ಮಾತು ನಂಬಬೇಡಿ. ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್? ಬರೆದು ಕೊಡಲಿ. ಡಿಎಸ್-2019 ಅನ್ನುವ ಕಾಗದ ಯಾರ ಹೆಸರಲ್ಲಿ ಬರುತ್ತದೆ? ಅದಿಲ್ಲದೆ ಈ ವೀಸಾ ಇಲ್ಲ.

ಪಹಣಿ, ಒಡವೆ, ಚೆಕ್‌ಬುಕ್ ಯಾವುದನ್ನೂ ಇದಕ್ಕೆ ಮುಟ್ಟಬೇಡಿ.

ಯಲಹಂಕ, ಹೆಬ್ಬಾಳ ಸುತ್ತಿನ ಕಾಲೇಜುಗಳವರೇ, ನಿಮ್ಮ ಗೇಟಿನ ಮುಂದೆ ಕರಪತ್ರ ಹಂಚುವವರನ್ನು ಸುಮ್ಮನೆ ನೋಡುತ್ತಾ ನಿಲ್ಲಬೇಡಿ. ನಿಮ್ಮ ರಜೆ ಎಷ್ಟು ದಿನ ಅನ್ನುವುದನ್ನು ನೋಟಿಸ್ ಬೋರ್ಡಿಗೆ ಹಾಕಿ, ಈ ವೀಸಾದ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಮನೆಗೆ ಕಳಿಸಿ. ಅಡ್ಮಿಷನ್ ವೇಳೆ ಅಪ್ಪಂದಿರ ಫೋನ್ ನಂಬರ್ ಹುಡುಕುತ್ತೀರಲ್ಲ, ಇದಕ್ಕೂ ಹುಡುಕಿ.

ಮಕ್ಕಳೇ, ಆ 30 ದಿನದಲ್ಲಿ ಕದ್ದು ದುಡಿಯಬೇಡಿ. ಆ ದಿನಗಳಲ್ಲಿ ಪಕ್ಕದ ಕೆನಡಾಕ್ಕೆ ಕಾಲಿಟ್ಟರೆ ಅದೇ ವೀಸಾದಲ್ಲಿ ಮತ್ತೆ ಒಳಗೆ ಬರಲಾಗದು, ನೆನಪಿರಲಿ. ದನದ ಮಾಂಸ, ಹಂದಿ ತಿನ್ನದವರು ಹಾಟ್‌ಡಾಗ್ ಕೊಳ್ಳುವ ಮುಂಚೆ ಕೇಳಿ. ಮನೆ ಊಟ ನೆನಪಾದರೆ ನ್ಯೂಯಾರ್ಕ್‌ನ ಫ್ಲಷಿಂಗ್ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಸೆಲ್ಫಿ ತೆಗೆಯಿರಿ, ಜೊತೆಗೆ ನಾಲ್ಕು ಸಾಲು ಬರೆದೂ ಇಡಿ.

ಊರಿನವರೇ, ಹೋಗಿ ಬಂದವರನ್ನು ಟೀ ಅಂಗಡಿಯಲ್ಲಿ ಅಳೆಯಬೇಡಿ. ನಮ್ಮ ಸರ್ಕಾರಿ ಪ್ರೌಢಶಾಲೆಗೆ ಒಂದು ಶನಿವಾರ ಕರೆಯಿರಿ. ಏನು ಕೆಲಸ ಮಾಡಿದೆ, ಅಲ್ಲಿನವರು ಹೇಗೆ ನಡೆಸಿಕೊಂಡರು, ಏನು ತಿಂದೆ, ಯಾರ ಪಕ್ಕ ಕೂತೆ, ಸಂತೆ ಹೇಗಿತ್ತು, ಬಸ್ಸು ಹೇಗಿತ್ತು, ಎಲ್ಲಿ ಮೋಸ ಹೋದೆ, ಎಲ್ಲ ಹೇಳಲಿ. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಕೈ ಎತ್ತಿ ಪ್ರಶ್ನೆ ಕೇಳಲಿ. ಎಷ್ಟು ಉಳಿಸಿದೆ ಅನ್ನುವುದನ್ನು ಮಾತ್ರ ಯಾರೂ ಕೇಳಬೇಡಿ. ಆ ಲೆಕ್ಕ ಮೇಲೆಯೇ ಇದೆ.